‘ಮೊದಲ ಏಳು ಮನೆ’ ಮತ್ತು ಆ ಒಂದು ಪುಟ

ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇನೆ.

“ನಮ್ಮ ಚರ್ಚಿಗೆ ನೂರೈವತ್ತು ವರ್ಷ ತುಂಬುತ್ತಾ ಬಂತು. ಸ್ಮರಣ ಸಂಚಿಕೆಗೆ ಚರ್ಚಿನ ಮತ್ತು ಮೊದಲ ಕುಟುಂಬಗಳ ಚರಿತ್ರೆ ಬರೆಯುವ ಕೆಲಸ ನನಗೆ ಒಪ್ಪಿಸಿದ್ದಾರೆ. ನಾನು ಹೈಸ್ಕೂಲ್ ಟೀಚರ್, ಆದರೆ ಕಲಿಸುವುದು ಲೆಕ್ಕ. ಗೋವಾದಿಂದ ಏಳು ಮನೆಯವರು ಬಂದರು, ಟಿಪ್ಪುವಿಗಿಂತ ಮುಂಚೆಯೇ ಇಲ್ಲಿ ಇಗರ್ಜಿ (ಚರ್ಚು) ಇತ್ತು ಅಂತ ಅಜ್ಜ ಹೇಳುತ್ತಿದ್ದರು. ಚರ್ಚಿನಲ್ಲಿರುವ ಅತಿ ಹಳೆಯ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಪುಸ್ತಕ ನೋಡಿದರೆ 1870ರ ದಶಕದ್ದು. ಆ ಏಳು ಮನೆ ಯಾವುದು ಅಂತ ಕೇಳಿದರೆ ಹನ್ನೊಂದು ಮನೆಯವರು ‘ನಮ್ಮದು’ ಅನ್ನುತ್ತಾರೆ. ನಮ್ಮದು ಪೋರ್ಚುಗೀಸ್ ರಕ್ತ ಅನ್ನುವವರೂ ಇದ್ದಾರೆ. ಚರ್ಚಿಗೆ ಜಾಗ ಕೊಟ್ಟದ್ದು ಯಾರು ಅನ್ನುವ ವಿಷಯದಲ್ಲಿ ಎರಡು ಮನೆಗಳ ನಡುವೆ ಮಾತೇ ನಿಂತಿದೆ. ಇಷ್ಟರ ಮಧ್ಯೆ ಆ ಪುಸ್ತಕದಲ್ಲಿ ನನ್ನ ಅಜ್ಜನ ಅಜ್ಜಿಯ ಹೆಸರು ಸಿಕ್ಕಿತು. ದೊಡ್ಡವಳಾದ ಮೇಲೆ ಜ್ಞಾನಸ್ನಾನ ಆದವಳು ಅಂತ ಬರೆದಿದೆ. ಅಪ್ಪ ಅಮ್ಮನ ಹೆಸರೇ ಇಲ್ಲ. ಗೋವಾದ ಹಳೆಯ ಮನೆತನ ಅಂತಲೇ ಕೇಳಿ ಬೆಳೆದವರು ನಾವು. ದೊಡ್ಡಪ್ಪ ‘ಆ ಪುಟ ನೋಡಲೇ ಇಲ್ಲ ಅಂದುಕೋ’ ಅಂದುಬಿಟ್ಟರು. ಏನು ಬರೆಯಲಿ, ಏನು ಬಿಡಲಿ? ಇನ್ನೂ ಹಳೆಯ ದಾಖಲೆ ಎಲ್ಲಿ ಹುಡುಕಲಿ?”

ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಆ ಒಂದು ಪುಟ ಅಂತ ಪತ್ರ ಓದಿದ ಕೂಡಲೇ ಗೊತ್ತಾಯಿತು. ಅದಕ್ಕೆ ಖಂಡಿತ ಬರುತ್ತೇನೆ. ಆದರೆ ಏಳು ಮನೆ, ಟಿಪ್ಪು, ಜಾಗ, ಈ ಮೂರು ಗಂಟು ಬಿಡಿಸದೆ ಆ ಪುಟದ ಅರ್ಥ ಆಗುವುದಿಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ನಾನು ಕರಾವಳಿಯ ಚರ್ಚುಗಳ ಹಳೆಯ ಪುಸ್ತಕಗಳ ಜೊತೆ ಕೆಲಸ ಮಾಡಿದ್ದೇನೆ. ಈ ಮೂರು ಗಂಟು ಇಲ್ಲದ ಊರು ಕಂಡಿಲ್ಲ.

ಮೊದಲು ಚರ್ಚಿನ ವಯಸ್ಸು. ‘ನಮ್ಮ ಚರ್ಚು ಯಾವಾಗ ಶುರುವಾಯಿತು’ ಅನ್ನುವ ಪ್ರಶ್ನೆಗೆ ಹಳ್ಳಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಉತ್ತರ ಇರುತ್ತವೆ. ನಾಲ್ಕೂ ನಿಜ. ಮುಳಿಹುಲ್ಲಿನ ಚಾವಡಿಯಲ್ಲೋ ಯಾರದೋ ಮನೆಯಂಗಳದಲ್ಲೋ ಮೊದಲ ಪೂಜೆ ನಡೆದ ವರ್ಷ ಒಂದು. ಊರಲ್ಲೇ ಉಳಿಯುವ ಪಾದ್ರಿ ಬಂದ ವರ್ಷ ಇನ್ನೊಂದು. ಬಿಷಪರು ಅದನ್ನು ಪ್ರತ್ಯೇಕ ಫಿರ್ಗಜ್ (ಪ್ಯಾರಿಷ್) ಅಂತ ಘೋಷಿಸಿದ ವರ್ಷ ಮತ್ತೊಂದು. ಈಗ ನಿಂತಿರುವ ಕಟ್ಟಡದ ವರ್ಷ ಕೊನೆಯದು. ಈ ನಾಲ್ಕರ ನಡುವೆ ಐವತ್ತು ವರ್ಷ ಅಂತರ ಇದ್ದರೂ ಆಶ್ಚರ್ಯ ಇಲ್ಲ. ನೀವು ಆಚರಿಸುತ್ತಿರುವ ನೂರೈವತ್ತು ಯಾವುದರ ಲೆಕ್ಕ ಅಂತ ಮೊದಲ ಪುಟದಲ್ಲೇ ಬರೆದುಬಿಡಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಗಂಟೆಯ ಮೇಲೆ ಕೊರೆದ ಇಸವಿಯನ್ನು ಮಾತ್ರ ಚರ್ಚಿನ ಇಸವಿ ಅಂತ ನಂಬಬೇಡಿ. ಗಂಟೆಗಳು ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೋದದ್ದು ಬೇಕಾದಷ್ಟು ಉಂಟು.

ಇನ್ನು ಟಿಪ್ಪುವಿಗೆ ಮುಂಚಿನ ಇಗರ್ಜಿ. ಅಜ್ಜನ ಮಾತನ್ನು ಸುಳ್ಳು ಅಂತ ತಳ್ಳಬೇಡಿ. ಕರಾವಳಿಯಲ್ಲಿ ಅಷ್ಟು ಹಳೆಯ ಚರ್ಚುಗಳು ನಿಜವಾಗಿಯೂ ಇದ್ದವು. ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ ನೆಲೆ ಕಂಡರು. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚು 1678ರದ್ದು. ಮಂಗಳೂರಿನ ಮಿಲಾಗ್ರಿಸ್ 1680ರದ್ದು, ಅದಕ್ಕೆ ಜಾಗ ಕೊಟ್ಟವಳು ಕೆಳದಿಯ ಚೆನ್ನಮ್ಮ ರಾಣಿ ಅಂತ ಪರಂಪರೆ ಹೇಳುತ್ತದೆ. ಆಮೇಲೆ 1784 ಬಂತು. ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವ ಅನುಮಾನದ ಮೇಲೆ ಟಿಪ್ಪು ಕೆನರಾದ, ಅಂದರೆ ನಮ್ಮ ಕರಾವಳಿಯ, ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಆ ವರ್ಷದ ವಿಭೂತಿ ಬುಧವಾರ ಇವತ್ತಿಗೂ ಮನೆಗಳಲ್ಲಿ ನೆನಪಿದೆ. ಎಷ್ಟು ಜನ ಅನ್ನುವುದಕ್ಕೆ ಆ ಕಾಲದವರೇ ಬೇರೆ ಬೇರೆ ಲೆಕ್ಕ ಕೊಟ್ಟಿದ್ದಾರೆ. ಮೂವತ್ತು ಸಾವಿರ ಅನ್ನುವವರಿದ್ದಾರೆ, ಅರವತ್ತು ಸಾವಿರ ದಾಟಿಸಿದವರೂ ಇದ್ದಾರೆ. ಸಂಚಿಕೆಯಲ್ಲಿ ಒಂದೇ ಸಂಖ್ಯೆ ಹಾಕಿ ಅದೇ ಸತ್ಯ ಅನ್ನಬೇಡಿ. ಚರ್ಚುಗಳು ನೆಲಸಮವಾದವು, ಪುಸ್ತಕಗಳೂ ಹೋದವು. ನಮ್ಮ ಹಳ್ಳಿಗಳ ಚರ್ಚುಗಳಲ್ಲಿ 1784ಕ್ಕಿಂತ ಹಿಂದಿನ ಜ್ಞಾನಸ್ನಾನದ ಪುಸ್ತಕವನ್ನು ನಾನು ಕಣ್ಣಾರೆ ಕಂಡಿಲ್ಲ.

ಅಂದರೆ ಏನಾಯಿತು? 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬದುಕಿ ಉಳಿದವರು ವಾಪಸು ಬಂದರು. ಆದರೆ ಎಲ್ಲರೂ ಬಿಟ್ಟುಹೋದ ಊರಿಗೇ ಬರಲಿಲ್ಲ. ಹದಿನೈದು ವರ್ಷದಲ್ಲಿ ಅವರ ಗದ್ದೆಯನ್ನು ಬೇರೆಯವರು ಉಳುತ್ತಿದ್ದರು. ಕೆಲವರಿಗೆ ಕಂಪನಿ ಸರಕಾರ ಭೂಮಿ ಬಿಡಿಸಿಕೊಟ್ಟಿತು. ಇನ್ನು ಕೆಲವರು ಒಕ್ಕಲಾಗಿ ಎಲ್ಲಿ ಗೇಣಿಗೆ ಜಾಗ ಸಿಕ್ಕಿತೋ ಅಲ್ಲಿ ನಿಂತರು. ಹಿಡಿಯುವ ಮೊದಲೇ ತಪ್ಪಿಸಿಕೊಂಡು ಹೋದವರೂ ಇದ್ದರು. ಕೊಡಗಿನಲ್ಲಿ ದೊಡ್ಡ ವೀರರಾಜೇಂದ್ರ ಅಂಥವರಿಗೆ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು 1792ರಲ್ಲಿ ಹುಟ್ಟಿದ್ದು ಹಾಗೆ. ಹಾಗಾಗಿ ‘ಟಿಪ್ಪುವಿಗಿಂತ ಮುಂಚೆ’ ಅನ್ನುವ ನೆನಪು ನಿಜವೇ ಇರಬಹುದು, ಆದರೆ ಅದು ಬೇರೆ ಊರಿನ ಇಗರ್ಜಿಯ ನೆನಪು ಇರಬಹುದು. ಜನ ಸ್ಥಳ ಬದಲಿಸುವಾಗ ನೆನಪನ್ನೂ ಹೊತ್ತು ತರುತ್ತಾರೆ. ಎರಡು ತಲೆಮಾರು ಕಳೆದರೆ ಆ ನೆನಪು ಹೊಸ ಊರಿನದೇ ಆಗಿಬಿಡುತ್ತದೆ. ನಿಮ್ಮ ಅಜ್ಜ ಹೇಳಿದ್ದನ್ನು ‘ಹಿರಿಯರ ನೆನಪು’ ಅಂತ ಹೇಳಿಯೇ ಅಚ್ಚು ಹಾಕಿ. ಪಕ್ಕದಲ್ಲಿ ‘ಪುಸ್ತಕದಲ್ಲಿ ಸಿಗುವುದು ಇಂಥ ವರ್ಷದಿಂದ’ ಅಂತ ಬರೆಯಿರಿ. ಎರಡಕ್ಕೂ ಮರ್ಯಾದೆ ಸಿಗುತ್ತದೆ.

ಗೋವಾದಿಂದ ಬಂದದ್ದರ ಬಗ್ಗೆ ಸಂಚಿಕೆಗಳಲ್ಲಿ ಒಂದೇ ಸಾಲು ಓದುತ್ತೇವೆ: ‘ಇನ್‌ಕ್ವಿಸಿಷನ್ ಕಾಟ ತಾಳಲಾರದೆ ಓಡಿಬಂದರು’. ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯ, 1560ರಲ್ಲಿ ಶುರುವಾದದ್ದು ಹೌದು. ಅದು ಹಳೆಯ ರೂಢಿಗಳ ಮೇಲೆ ಕಣ್ಣಿಟ್ಟದ್ದೂ ಹೌದು. 1684ರಲ್ಲಿ ಕೊಂಕಣಿ ಮಾತಿಗೇ ನಿರ್ಬಂಧ ಹಾಕುವ ಆಜ್ಞೆ ಹೊರಟಿತ್ತು. ಆದರೆ ಬಂದವರು ಕ್ರೈಸ್ತರಾಗಿಯೇ ಬಂದರು, ಬಂದಲ್ಲಿ ಇಗರ್ಜಿಯನ್ನೇ ಕಟ್ಟಿದರು. ಧರ್ಮ ಬಿಟ್ಟು ಓಡಿದವರಲ್ಲ. 1683ರಲ್ಲಿ, ಮತ್ತೆ 1739ರ ಸುಮಾರಿಗೆ ಮರಾಠರು ಗೋವಾದ ಬಾರ್ದೇಸ್, ಸಾಸಷ್ಟಿ ಕಡೆ ನುಗ್ಗಿದರು. ಬರ, ರೋಗ, ಕಂದಾಯ ಇದ್ದೇ ಇದ್ದವು. ಈ ಕಡೆ ಕೆಳದಿ ನಾಯಕರಿಗೆ ಪಾಳು ಬಿದ್ದ ಜಾಗದಲ್ಲಿ ಭತ್ತ ಬೆಳೆಯುವ ಕೈಗಳು ಬೇಕಿದ್ದವು. ಗೋವಾ ಉಣ್ಣುತ್ತಿದ್ದುದೇ ಹೆಚ್ಚಾಗಿ ಕೆನರಾದ ಅಕ್ಕಿ. ಬಸ್ರೂರು, ಮಂಗಳೂರು, ಹೊನ್ನಾವರದಿಂದ ದೋಣಿ ಹೋಗುತ್ತಿದ್ದವು. ಅದೇ ದಾರಿಯಲ್ಲಿ ಜನ ಬಂದರು. ಒಂದು ಸಲ ಏಳು ಮನೆಯವರು ಗಂಟುಮೂಟೆ ಕಟ್ಟಿ ಹೊರಟದ್ದಲ್ಲ. ಅಣ್ಣ ಬಂದ, ಮೂರು ವರ್ಷ ಬಿಟ್ಟು ತಮ್ಮ ಬಂದ, ಆಮೇಲೆ ತಂಗಿಯ ಗಂಡ ಬಂದ. ನೂರೈವತ್ತು, ಇನ್ನೂರು ವರ್ಷ ಹೀಗೆ ನಡೆಯಿತು.

ಪೋರ್ಚುಗೀಸ್ ರಕ್ತದ ಮಾತಿಗೆ ಜಾಸ್ತಿ ಜಾಗ ಕೊಡಬೇಕಿಲ್ಲ. ಡಿಸೋಜ, ಪಿಂಟೊ, ಲೋಬೊ, ಸಲ್ದಾನ್ಹಾ, ಮಸ್ಕರೇನ್ಹಸ್, ಇವು ಜ್ಞಾನಸ್ನಾನ ಕೊಟ್ಟ ಪಾದ್ರಿಯಿಂದಲೋ ಜ್ಞಾನತಂದೆಯಿಂದಲೋ (ಗಾಡ್‌ಫಾದರ್) ಬಂದ ಹೆಸರುಗಳು. ಒಂದೇ ದಿನ ಒಂದೇ ಪಾದ್ರಿಯ ಕೈಯಲ್ಲಿ ಜ್ಞಾನಸ್ನಾನ ಪಡೆದ, ಸಂಬಂಧವೇ ಇಲ್ಲದ ಹತ್ತು ಮನೆಯವರು ಒಂದೇ ಅಡ್ಡಹೆಸರು ಹೊತ್ತದ್ದುಂಟು. ಹಾಗಾಗಿ ಅಡ್ಡಹೆಸರು ನೋಡಿ ವಂಶವೃಕ್ಷ ಬರೆಯಲು ಹೋದರೆ ಮುಳುಗುತ್ತೀರಿ. ಪ್ರಭು, ಶೆಟ್, ನಾಯಕ್, ಕಾಮತ್ ಅನ್ನುವ ಹಳೆಯ ಹೆಸರನ್ನು ಕೆಲವು ಕುಟುಂಬಗಳು ಜೊತೆಗೆ ಉಳಿಸಿಕೊಂಡಿವೆ. ಅದು ಸ್ವಲ್ಪ ಗಟ್ಟಿ ಸುಳಿವು. ಅದಕ್ಕಿಂತ ಗಟ್ಟಿ ಮನೆಯ ಜಾಗದ ಹೆಸರು. ‘ಕೆಳಗಿನ ಬೈಲಿನ ಪೆದ್ರು’, ‘ಗುಡ್ಡೆಮನೆ ಇನಾಸ್’ ಅಂತ ಕರೆಯುತ್ತಿದ್ದರಲ್ಲ, ಆ ಹೆಸರು.

ಈಗ ಏಳು ಮನೆ. ಏಳು ಅನ್ನುವುದು ಲೆಕ್ಕಕ್ಕಿಂತ ಹೆಚ್ಚಾಗಿ ಕಥೆಯ ಸಂಖ್ಯೆ. ನೀವು ಲೆಕ್ಕದ ಟೀಚರ್, ಇದು ನಿಮಗೆ ಕಿರಿಕಿರಿ ಆಗಬಹುದು! ಇಷ್ಟು ವರ್ಷದಲ್ಲಿ ನಾನು ಓದಿದ ಸಂಚಿಕೆಗಳಲ್ಲಿ ‘ಮೊದಲ ಕುಟುಂಬಗಳು’ ಅಂದರೆ ಏನು ಗೊತ್ತಾ? ಗದ್ದೆ ಇದ್ದವರು, ಗುರ್ಕಾರ (ಚರ್ಚಿನ ವಾಡೆಯ ಮುಖಂಡ) ಆದವರು, ಕೊಂಫ್ರಾರಿಯಲ್ಲಿ (ಚರ್ಚಿನ ಭಕ್ತರ ಸಂಘ) ದೊಡ್ಡ ಮೇಣದ ಬತ್ತಿ ಹಿಡಿದವರು. ಅವರ ಗದ್ದೆಯಲ್ಲಿ ನೇಜಿ ನೆಟ್ಟವರು, ಚರ್ಚಿನ ಕೆಂಪು ಕಲ್ಲು ಹೊತ್ತವರು, ಆಮೇಲೆ ಜ್ಞಾನಸ್ನಾನ ಪಡೆದ ತುಳು ಮಾತಾಡುವ ಮನೆಯವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಜಾತಿ ನಮ್ಮೊಳಗೆ ಬಾಮಣ್ (ಬ್ರಾಹ್ಮಣ), ಚಾರ್ಡಿ (ಕ್ಷತ್ರಿಯ), ಸುದಿರ್ (ಶೂದ್ರ) ಅಂತ ಹೆಸರು ಬದಲಿಸಿಕೊಂಡು ಉಳಿದಿತ್ತು. ಪಟ್ಟಿ ಮಾಡುವವರು ಅದನ್ನು ಬಾಯಲ್ಲಿ ಹೇಳದಿದ್ದರೂ ಪಟ್ಟಿಯೇ ಹೇಳಿಬಿಡುತ್ತಿತ್ತು. ಹನ್ನೊಂದು ಮನೆಯವರು ‘ನಮ್ಮದು’ ಅನ್ನುವುದರಲ್ಲಿ ತಪ್ಪೇನಿಲ್ಲ. ಹನ್ನೊಂದನ್ನೂ ಬರೆಯಿರಿ. ಆದರೆ ಪುಸ್ತಕದ ಮೊದಲ ಹತ್ತು ವರ್ಷಗಳಲ್ಲಿ ಮಗುವಿನ ಜ್ಞಾನಸ್ನಾನ ಆದ ಎಲ್ಲ ಮನೆಗಳನ್ನೂ ಎಣಿಸಿ. ಮೂವತ್ತೋ ನಲವತ್ತೋ ಮನೆ ಆಗಬಹುದು. ಅದೇ ನಿಮ್ಮ ಮೊದಲ ಕುಟುಂಬಗಳ ಪಟ್ಟಿ.

ಜಾಗದ ಜಗಳಕ್ಕೆ ಇಬ್ಬರೂ ಸರಿ ಅನ್ನುವ ಉತ್ತರ ಬಹಳ ಕಡೆ ಸಿಕ್ಕಿದೆ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ನಮ್ಮವರಲ್ಲಿ ಜಾಸ್ತಿ ಜನ ಬಂಟ, ಜೈನ, ಬ್ರಾಹ್ಮಣ ಧಣಿಗಳ ಒಕ್ಕಲುಗಳು. ಒಕ್ಕಲಿಗೆ ದಾನ ಕೊಡಲು ತನ್ನದು ಅನ್ನುವ ಭೂಮಿಯೇ ಇರಲಿಲ್ಲ. ಅವನಲ್ಲಿ ಇದ್ದದ್ದು ಮೂಲಗೇಣಿಯ (ಶಾಶ್ವತ ಗೇಣಿ) ಹಕ್ಕು ಅಥವಾ ಚಾಲಗೇಣಿ (ಧಣಿ ಬಿಡಿಸಬಹುದಾದ ಗೇಣಿ). ಅವನು ಒಕ್ಕಲು ಹಕ್ಕು ಬಿಟ್ಟುಕೊಟ್ಟಿರುತ್ತಾನೆ, ಧಣಿ ಚರ್ಚಿನ ಹೆಸರಿಗೆ ಮೂಲಗೇಣಿ ಚೀಟು (ಕರಾರು ಪತ್ರ) ಬರೆದುಕೊಟ್ಟಿರುತ್ತಾನೆ, ಪಕ್ಕದ ಗುಡ್ಡೆ ಸರಕಾರದಿಂದ ದರ್ಖಾಸ್ತಿನಲ್ಲಿ (ಅರ್ಜಿ ಹಾಕಿ ಪಡೆದ ಮಂಜೂರಾತಿ) ಬಂದಿರುತ್ತದೆ. ಮೂರು ತಲೆಮಾರು ಆದ ಮೇಲೆ ಮೂರೂ ಕಡೆಯವರು ‘ನಾವು ಕೊಟ್ಟದ್ದು’ ಅನ್ನುತ್ತಾರೆ. ಚರ್ಚಿನ ಜಾಗದ ಪತ್ರಗಳನ್ನು ವಿಗಾರರ (ಚರ್ಚಿನ ಮುಖ್ಯ ಪಾದ್ರಿ) ಹತ್ತಿರ ಕೇಳಿ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೆಯ ಚೀಟಿನ ನಕಲು ಸಿಗಬಹುದು. ಚಕ್ಕುಬಂದಿಯನ್ನು (ಜಾಗದ ನಾಲ್ಕು ಗಡಿ) ಸಾವಕಾಶ ಓದಿ. ‘ಪೂರ್ವಕ್ಕೆ ಇಂಥವರ ಗದ್ದೆ’ ಅನ್ನುವ ಸಾಲಿನಲ್ಲಿ ನಿಮ್ಮ ಊರಿನ ಹಳೆಯ ಮನೆಗಳು ಸಾಲಾಗಿ ನಿಂತಿರುತ್ತವೆ. ಧಣಿಯ ಮನೆ ಬೇರೆ ಧರ್ಮದ್ದಾದರೆ ಅವರ ಹೆಸರನ್ನು ಮರೆಯದೆ ಹಾಕಿ. ಅವರ ಮೊಮ್ಮಕ್ಕಳನ್ನು ಹಬ್ಬಕ್ಕೆ ಕರೆಯಿರಿ. ಇದನ್ನು ನೀವು ಕೇಳದಿದ್ದರೂ ಹೇಳುತ್ತಿದ್ದೇನೆ, ಯಾಕೆಂದರೆ ಬಿಟ್ಟುಹೋಗುವುದೇ ಜಾಸ್ತಿ.

ಇದೇ ದಾರಿಯಲ್ಲಿ ಇನ್ನೊಂದು ಖಜಾನೆ ಇದೆ, ಯಾರೂ ಅದನ್ನು ಚರಿತ್ರೆ ಅಂತ ನೋಡುವುದಿಲ್ಲ. ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಬಂದಾಗ ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿದರು. ನಮ್ಮ ಕಡೆ ‘ಡಿಕ್ಲರೇಶನ್ ಕೊಟ್ಟ ಜಾಗ’ ಅನ್ನುತ್ತಾರಲ್ಲ, ಅದು. ಆ ಕಡತಗಳಲ್ಲಿ ಅರ್ಜಿದಾರರು ‘ನನ್ನ ಅಜ್ಜನ ಕಾಲದಿಂದ ಉಳುತ್ತಿದ್ದೇವೆ’ ಅಂತ ಹೇಳಿ, ಅಜ್ಜನ ಹೆಸರು, ಗೇಣಿ ಎಷ್ಟು ಮುಡಿ ಅಕ್ಕಿ, ಸಾಕ್ಷಿ ಯಾರು, ಎಲ್ಲ ಕೊಟ್ಟಿದ್ದಾರೆ. ನಿಮ್ಮ ಊರಿನ ಮನೆಗಳಲ್ಲಿ ಭೂ ನ್ಯಾಯಮಂಡಳಿಯ ಆದೇಶದ ಪ್ರತಿ ಟ್ರಂಕಿನ ತಳದಲ್ಲಿ ಇದ್ದೇ ಇರುತ್ತದೆ. ಕೇಳಿ ನೋಡಿ.

ಚರ್ಚಿನ ಪುಸ್ತಕಗಳು 1870ರ ಹಿಂದೆ ಎಲ್ಲಿ? ನಿಮ್ಮ ಫಿರ್ಗಜ್ ಯಾವುದರಿಂದ ಒಡೆದು ಬಂತು ಅಂತ ತಿಳಿಯಿರಿ. ಅದಕ್ಕೂ ಮುಂಚಿನ ಜ್ಞಾನಸ್ನಾನ, ಮದುವೆ, ಮರಣ ಎಲ್ಲ ಆ ತಾಯಿ ಚರ್ಚಿನ ಪುಸ್ತಕದಲ್ಲಿ ಇರುತ್ತವೆ. ಬಂಟ್ವಾಳದ ಕಡೆಯಲ್ಲಿ ಅಗ್ರಾರಿನಂಥ ಹಳೆಯ ಚರ್ಚುಗಳಿಂದ ಎಷ್ಟೋ ಹೊಸ ಫಿರ್ಗಜ್‌ಗಳು ಹುಟ್ಟಿದವು. ಆಮೇಲೆ ಆಡಳಿತ ಕೈ ಬದಲಿಸಿದ್ದು ನೆನಪಿರಲಿ. ಮೊದಲು ಕೆನರಾ ಗೋವಾದ ಆರ್ಚ್‌ಬಿಷಪರ ಕೈಕೆಳಗೆ ಇತ್ತು. 1838ರಲ್ಲಿ ಕೇರಳದ ವರಾಪುಳದವರ ಕೈಗೆ ಹೋಯಿತು. 1845ರಲ್ಲಿ ಬೇರೆಯಾಗಿ, 1853ರಲ್ಲಿ ಕಾರ್ಮೆಲ್ ಸಭೆಯವರ ಕೆಳಗೆ ತನ್ನದೇ ಬಿಷಪರನ್ನು ಪಡೆಯಿತು. 1878ರ ಕೊನೆಯ ದಿನ ಜೆಸ್ವಿತರು (ಯೇಸು ಸಭೆಯ ಪಾದ್ರಿಗಳು) ಬಂದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯ (ಡಯಾಸಿಸ್) ಆಯಿತು. ನಡುವೆ ಗೋವಾಕ್ಕೆ ನಿಷ್ಠರಾದವರು, ರೋಮಿನ ಮಿಷನರಿಗಳ ಕಡೆಯವರು ಅಂತ ಊರುಗಳು ಒಡೆದಿದ್ದವು. ಒಂದೇ ಮನೆಯ ಅಣ್ಣತಮ್ಮಂದಿರ ಮಕ್ಕಳ ಹೆಸರು ಎರಡು ಬೇರೆ ಪುಸ್ತಕದಲ್ಲಿ ಇದ್ದದ್ದನ್ನು ನೋಡಿದ್ದೇನೆ. ಕಾರ್ಕಳದ ಕಡೆಯ ತಾಯಿ ಚರ್ಚಾದರೆ ಈಗ ಅದು 2012ರಲ್ಲಿ ಆದ ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿದೆ, ಅನುಮತಿ ಅಲ್ಲಿಂದ ಕೇಳಬೇಕು. ಪುಸ್ತಕ ನೋಡಲು ವಿಗಾರರ ಒಪ್ಪಿಗೆ ಬೇಕೇ ಬೇಕು. ಅದು ಸುಮ್ನೆ ಅಡ್ಡಿ ಅಲ್ಲ, ಅದರಲ್ಲಿ ಬದುಕಿರುವವರ ಗುಟ್ಟೂ ಇದೆ.

ಓದುವಾಗ ಎಲ್ಲರೂ ಬೀಳುವ ಹೊಂಡ ಒಂದಿದೆ. ಲ್ಯಾಟಿನ್ ಪುಸ್ತಕದಲ್ಲಿ ತಿಂಗಳ ಜಾಗದಲ್ಲಿ ‘7ಬ್ರಿಸ್’ ಅಂತ ಇದ್ದರೆ ಅದು ಏಳನೇ ತಿಂಗಳು ಜುಲೈ ಅಲ್ಲ. ಸೆಪ್ಟೆಂಬರ್. ‘8ಬ್ರಿಸ್’ ಅಕ್ಟೋಬರ್. ‘ಎಕ್ಸ್‌ಬ್ರಿಸ್’ ಡಿಸೆಂಬರ್. ಒಂದು ಮನೆಯಲ್ಲಿ ಮುತ್ತಜ್ಜನ ಹುಟ್ಟಿದ ದಿನ ಅಂತ ಜುಲೈ 8ಕ್ಕೆ ಪೂಜೆ ಹೇಳಿಸುತ್ತಿದ್ದರು. ಪುಸ್ತಕ ತೆಗೆದು ನೋಡಿದರೆ ಅವರು ಹುಟ್ಟಿದ್ದು ಸೆಪ್ಟೆಂಬರ್ 8, ಮೊಂತಿ ಹಬ್ಬದ, ಅಂದರೆ ಮೇರಿ ಮಾತೆ ಹುಟ್ಟಿದ ಹಬ್ಬದ ದಿನ. ಅವರ ಹೆಸರಿಗೇ ಹಬ್ಬದ ನಂಟು ಇತ್ತು ಅಂತ ಆಗ ಅರ್ಥವಾಯಿತು. ಹೆಸರುಗಳೂ ಹಾಗೆಯೇ. ಮನೆಯಲ್ಲಿ ಜುವಾಂವ್ ಆದವನು ಪುಸ್ತಕದಲ್ಲಿ ಯೋಹಾನ್ನೆಸ್. ಬಾಸ್ತ್ಯಾಂವ್ ಅಲ್ಲಿ ಸೆಬಾಸ್ತಿಯಾನುಸ್. ಇಬ್ಬರು ಬೇರೆ ಅಂದುಕೊಂಡರೆ ಒಂದು ತಲೆಮಾರೇ ಹೆಚ್ಚಾಗುತ್ತದೆ.

ಜ್ಞಾನತಂದೆ, ಜ್ಞಾನತಾಯಿಯ ಹೆಸರನ್ನು ದಾಟಿ ಹೋಗಬೇಡಿ. ಮೊದಲ ಮಗುವಿಗೆ ಅಪ್ಪನ ಅಪ್ಪ ಮತ್ತು ಅಮ್ಮನ ಅಮ್ಮ ನಿಲ್ಲುವುದು ಬಹಳ ಮನೆಗಳ ರೂಢಿ. ಹಾಗಾಗಿ ಪುಸ್ತಕ ಶುರುವಾಗುವುದಕ್ಕಿಂತ ಐವತ್ತು ವರ್ಷ ಹಿಂದೆ ಹುಟ್ಟಿದವರು ಅಲ್ಲಿ ಸಿಗುತ್ತಾರೆ. ಮದುವೆ ಪುಸ್ತಕದಲ್ಲಿ ‘ದಿಸ್ಪೆನ್ಸಾತಿಯೋ’ ಅನ್ನುವ ಮಾತು ಕಂಡರೆ ನಿಲ್ಲಿ. ಹುಡುಗ ಹುಡುಗಿ ರಕ್ತ ಸಂಬಂಧಿಗಳು, ಅದಕ್ಕೆ ವಿನಾಯಿತಿ ಕೊಟ್ಟಿದ್ದಾರೆ ಅಂತ ಅರ್ಥ. 1917ರ ಮೊದಲು ನಾಲ್ಕನೇ ಹಂತದವರೆಗೂ ವಿನಾಯಿತಿ ಬೇಕಿತ್ತು. ಎಷ್ಟನೇ ಹಂತ ಅಂತ ಬರೆದಿದ್ದರೆ ಎರಡು ಮನೆಗಳ ಮೂಲ ಎಲ್ಲಿ ಕೂಡುತ್ತದೆ ಅಂತ ಲೆಕ್ಕ ಹಾಕಬಹುದು. ಇದು ನಿಮಗೆ ಇಷ್ಟವಾಗುವ ಕೆಲಸ. ಜ್ಞಾನಸ್ನಾನದ ಪುಟದ ಅಂಚನ್ನೂ ನೋಡಿ. 1908ರಿಂದ ಈಚೆಗೆ ಮದುವೆ ಆದ ಊರು, ವರ್ಷ ಅಲ್ಲಿ ಟಿಪ್ಪಣಿಯಾಗಿ ಸೇರಬೇಕು ಅಂತ ನಿಯಮ ಬಂತು. ಮುಂಬೈಗೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಹೋದವರ ದಾರಿ ಆ ಅಂಚಿನಲ್ಲಿ ಸಿಗುತ್ತದೆ.

ಸರಿ, ಈಗ ನಿಮ್ಮ ಅಜ್ಜನ ಅಜ್ಜಿಯ ಪುಟ.

ಮೊದಲು ಪುಟವನ್ನು ಇನ್ನೊಮ್ಮೆ ಓದಿ. ‘ಅದುಲ್ತಾ’ ಅಂದರೆ ವಯಸ್ಸಿಗೆ ಬಂದವಳು. ‘ನೆಯೋಫಿತಾ’ ಅಂದರೆ ಹೊಸದಾಗಿ ಧರ್ಮಕ್ಕೆ ಬಂದವಳು. ಆದರೆ ‘ಸುಬ್ ಕೊಂದಿತ್ಸಿಯೋನೆ’ ಅನ್ನುವ ಎರಡು ಪದ ಇದೆಯಾ ನೋಡಿ. ಇದ್ದರೆ ಕಥೆ ಬೇರೆ. ಹಿಂದೆ ಜ್ಞಾನಸ್ನಾನ ಆಗಿತ್ತೋ ಇಲ್ಲವೋ ಅಂತ ಪಾದ್ರಿಗೆ ಖಚಿತ ಇಲ್ಲದಾಗ ‘ಆಗಿಲ್ಲದಿದ್ದರೆ’ ಅನ್ನುವ ಷರತ್ತಿನ ಮೇಲೆ ಕೊಡುತ್ತಿದ್ದರು. ದಾಖಲೆ ಕಳೆದುಹೋದ ಮನೆಯವರಿಗೆ, ಹುಟ್ಟಿದ ಕೂಡಲೇ ಸೂಲಗಿತ್ತಿ ನೀರು ಹಾಕಿದ ಮಕ್ಕಳಿಗೆ ಹೀಗಾಗುತ್ತಿತ್ತು. ಆ ಎರಡು ಪದ ಇಲ್ಲದಿದ್ದರೆ ಆಕೆ ಬೇರೆ ಮನೆಯಿಂದ, ಬೇರೆ ಧರ್ಮದಿಂದ ಬಂದವಳು ಅಂತಲೇ ತಿಳಿಯಬೇಕು. ಜ್ಞಾನತಾಯಿ ಯಾರು ನೋಡಿ. ಯಾವ ಮನೆ ಆಕೆಯ ಕೈ ಹಿಡಿಯಿತು ಅನ್ನುವುದು ಅಲ್ಲಿದೆ. ಆಮೇಲೆ ಮದುವೆಯ ಪುಸ್ತಕ ನೋಡಿ. ಜ್ಞಾನಸ್ನಾನ ಆದ ಕೆಲವೇ ದಿನದಲ್ಲಿ ಮದುವೆ ಆಗಿದ್ದರೆ, ನಿಮ್ಮ ಅಜ್ಜನ ಅಜ್ಜ ಆಕೆಗಾಗಿ ಕಾದಿದ್ದ ಅಂತ ಅರ್ಥ ಇರಬಹುದು, ಅಲ್ವಾ?

ನಿಮ್ಮ ದೊಡ್ಡಪ್ಪನ ಭಯ ನನಗೆ ಅರ್ಥ ಆಗುತ್ತದೆ. ಅವರು ಸುಳ್ಳುಗಾರರಲ್ಲ. ಅವರ ಕಾಲದಲ್ಲಿ ಇಂಥ ಒಂದು ಸಾಲಿನಿಂದ ಹೆಣ್ಣುಮಕ್ಕಳ ಸಂಬಂಧ ತಪ್ಪಿಹೋಗುತ್ತಿತ್ತು. ಆದರೆ ‘ನಾವೆಲ್ಲ ಗೋವಾದ ಹಳೆಯ ಮನೆತನ’ ಅನ್ನುವ ಮಾತು ಒಂದು ಗೆರೆಯನ್ನು ಮಾತ್ರ ಹೇಳುತ್ತದೆ, ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ. ಐದು ತಲೆಮಾರು ಹಿಂದೆ ಹೋದರೆ ನಿಮಗೆ ಮೂವತ್ತೆರಡು ಹಿರಿಯರು. ಮೂವತ್ತೆರಡೂ ಒಂದೇ ಕಡೆಯಿಂದ ಬಂದ ಮನೆ ಅಪರೂಪ.

ಸುಮ್ಮನಿರುವುದು ಒಂದು ದಾರಿ. ಇವತ್ತು ನೆಮ್ಮದಿ ಸಿಗುತ್ತದೆ. ಆದರೆ ಆ ಪುಟ ಅಲ್ಲೇ ಇರುತ್ತದೆ, ನಾಳೆ ಇನ್ನೊಬ್ಬರು ಓದುತ್ತಾರೆ. ಆಗ ನೀವು ಬರೆದ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ಬೇರೆ ಮನೆಯವರ ಹಳೆಯ ಸಂಗತಿ ಬರೆದು ನಿಮ್ಮದನ್ನು ಬಿಟ್ಟಿರಿ ಅಂತಾದರೆ ಊರಲ್ಲಿ ತಲೆ ಎತ್ತುವುದು ಕಷ್ಟ. ಹೆಸರು ಸಮೇತ ಅಚ್ಚು ಹಾಕುವುದು ಇನ್ನೊಂದು ದಾರಿ. ಅದು ನಿಮ್ಮೊಬ್ಬರ ನಿರ್ಧಾರ ಅಲ್ಲ. ಆಕೆಯ ಮೊಮ್ಮಕ್ಕಳ ಮಕ್ಕಳು ಎಷ್ಟು ಮನೆಯಲ್ಲಿದ್ದಾರೋ ಅವರೆಲ್ಲರದ್ದು. ಒಬ್ಬರು ಬೇಡ ಅಂದರೂ ಒತ್ತಾಯ ಮಾಡಬೇಡಿ. ಅಚ್ಚಾದದ್ದನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ.

ನಾನು ನಡುವಿನ ದಾರಿ ಹಿಡಿಯುತ್ತೇನೆ. ಪುಸ್ತಕದ ಮೊದಲ ಐವತ್ತು ವರ್ಷಗಳಲ್ಲಿ ವಯಸ್ಕರ ಜ್ಞಾನಸ್ನಾನ ಎಷ್ಟು ಅಂತ ಎಣಿಸಿ. ಖಂಡಿತ ಆಕೆ ಒಬ್ಬಳೇ ಇರುವುದಿಲ್ಲ. ಹೆಸರಿಲ್ಲದೆ ಆ ಸಂಖ್ಯೆಯನ್ನು ಬರೆಯಿರಿ, ಇಂಥ ಹಾಡಿಯಿಂದ, ಇಂಥ ಕೆಲಸದ ಮನೆಗಳಿಂದ ಬಂದರು ಅಂತ ಬರೆಯಿರಿ. ಇವರೂ ನಮ್ಮ ಮೊದಲ ಕುಟುಂಬಗಳು ಅಂತ ಸ್ಪಷ್ಟ ಹೇಳಿ. ವಿವರವನ್ನು ಮನೆಗೆ ಒಂದು ಹಾಳೆಯಂತೆ ಬೇರೆ ಬರೆದು ಆಯಾ ಮನೆಯವರ ಕೈಗೆ ಕೊಡಿ. ಯಾರಾದರೂ ತಾವಾಗಿ ‘ಹೆಸರು ಹಾಕಿ’ ಅಂದರೆ ಹಾಕಿ. ‘ಪಾತೆರ್ ಇಗ್ನೋತುಸ್’, ಅಂದರೆ ತಂದೆ ತಿಳಿಯದು, ಅಂತ ಇರುವ ಮಕ್ಕಳ ವಿಷಯ ಮಾತ್ರ ಈ ಲೆಕ್ಕಕ್ಕೂ ತರಬೇಡಿ. ಆ ಅಮ್ಮಂದಿರಿಗೆ ಆ ಕಾಲ ಕೊಟ್ಟ ನೋವೇ ಸಾಕು.

ದೊಡ್ಡಪ್ಪನ ಹತ್ತಿರ ವಾದ ಮಾಡಬೇಡಿ. ಆ ಪುಟದ ಫೋಟೊ ದೊಡ್ಡದು ಮಾಡಿಸಿ ಒಂದು ಸಂಜೆ ಅವರಿಗೆ ಓದಿ ಹೇಳಿ. ಇಂಥದ್ದೇ ಒಂದು ಮನೆಯಲ್ಲಿ ನಾನು ಹಾಗೆ ಮಾಡಿದ್ದೆ. ಎಂಬತ್ತು ದಾಟಿದ ಹಿರಿಯರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಜ್ಜಿ ರಾತ್ರಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಒಬ್ಬಳೇ ಅಂಗಳಕ್ಕೆ ಹೋಗಿ ತುಳುವಿನಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು, ಯಾಕೆ ಅಂತ ಈಗ ಗೊತ್ತಾಯಿತು ಅಂದರು. ಆ ಮಾತನ್ನು ಆ ಮನೆಯವರೇ ಸಂಚಿಕೆಗೆ ಕೊಟ್ಟರು.

ಇನ್ನೊಂದು ಹೆಸರನ್ನು ಹುಡುಕಿ ಅಂತ ಕೇಳಿಕೊಳ್ಳುತ್ತೇನೆ. ಸಾಯುವ ಹಾಗಿದ್ದ ಮಕ್ಕಳಿಗೆ ಹೆರಿಗೆ ಮಾಡಿಸಿದವಳೇ ತುರ್ತಿನಲ್ಲಿ ಜ್ಞಾನಸ್ನಾನ ಕೊಡುತ್ತಿದ್ದಳು. ಪಾದ್ರಿ ಆಮೇಲೆ ‘ಅಬ್ ಒಬ್ಸ್ತೆತ್ರಿಚೆ’, ಸೂಲಗಿತ್ತಿಯಿಂದ, ಅಂತ ಬರೆದು ಕೆಲವು ಸಲ ಹೆಸರನ್ನೂ ಹಾಕುತ್ತಿದ್ದರು. ನಾನು ನೋಡಿದ ಒಂದು ಪುಸ್ತಕದಲ್ಲಿ ಒಬ್ಬಳೇ ಹೆಂಗಸಿನ ಹೆಸರು ಪುಟ ಪುಟಕ್ಕೆ ಬರುತ್ತಿತ್ತು. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು. ಯಾವ ಸಂಚಿಕೆಯ ಏಳು ಮನೆಯಲ್ಲೂ ಅವಳಿಲ್ಲ.

ಪುಸ್ತಕ ಮುಟ್ಟುವಾಗ ಸ್ವಲ್ಪ ಜಾಗ್ರತೆ. ಹಳೆಯ ಶಾಯಿ ಕಾಗದವನ್ನು ತಿಂದಿರುತ್ತದೆ, ಪುಟ ಮಡಚಿದರೆ ಅಕ್ಷರದ ಗೆರೆಯಲ್ಲೇ ಸೀಳುತ್ತದೆ. ಬೆನ್ನಿನ ಕೆಳಗೆ ಮೆತ್ತನೆ ದಿಂಬು ಇಡಿ, ಪೂರ್ತಿ ಅಗಲಿಸಬೇಡಿ. ಟಿಪ್ಪಣಿಗೆ ಪೆನ್ ಬೇಡ, ಪೆನ್ಸಿಲ್. ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ಫೋಟೊ ತೆಗೆಯಿರಿ, ಅಂಚು ಸಮೇತ ಇಡೀ ಪುಟ ಬರಲಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಶನ್ ಮಾಡಿಸೋಣ ಅಂತ ಯಾರಾದರೂ ಪ್ರೀತಿಯಿಂದ ಹೇಳುತ್ತಾರೆ, ಕೈಮುಗಿದು ಬೇಡ ಅನ್ನಿ. ಶಾಖ, ಅಂಟು ಸೇರಿ ಕಾಗದವನ್ನು ಶಾಶ್ವತ ಹಾಳು ಮಾಡುತ್ತವೆ. ಮಳೆಗಾಲದ ಆಟಿ ತಿಂಗಳ ತೇವ ಶುರುವಾಗುವ ಮೊದಲೇ ಈ ಕೆಲಸ ಮುಗಿಸಿ. ಓದಲಾಗದ ಸಾಲಿನ ಫೋಟೊ ಇದ್ದರೆ ನನಗೆ ಕಳಿಸಿ, ಕೂತು ಓದೋಣ.